ಜುಲೈ ಮಳೆಯಲ್ಲಿ ಬ್ಯಾಂಕಾಕ್‌ಗೆ ಹೋಗಬಹುದಾ?

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಅರೇಬಿಕಾ, ರೊಬಸ್ಟಾ ಎರಡೂ ಇದೆ, ಜೊತೆಗೆ ಮೆಣಸು. ಮಗಳು ಬ್ಯಾಂಕಾಕ್‌ನಲ್ಲಿ ಕೆಲಸದಲ್ಲಿದ್ದಾಳೆ. ನಾನು, ನನ್ನ ಹೆಂಡತಿ, 74 ವರ್ಷದ ಅಮ್ಮ, ಮೂರೂ ಜನ ಒಂದು ವಾರ ಹತ್ತು ದಿನ ಹೋಗಿ ಬರೋಣ ಅಂತ ಆಸೆ. ಕೇಳಿದವರೆಲ್ಲ ಡಿಸೆಂಬರ್, ಜನವರಿಯೇ ಸರಿ ಅನ್ನುತ್ತಾರೆ. ಆಗ ನಮಗೆ ಕೊಯ್ಲು. ಮಗಳು ಏಪ್ರಿಲ್‌ಗೆ ಬನ್ನಿ, ಸಾಂಗ್‌ಕ್ರಾನ್ ಹಬ್ಬ ನೋಡಬಹುದು ಅನ್ನುತ್ತಾಳೆ. ನಮಗೆ ಬಿಡುವು ಸಿಗುವುದು ಮಳೆಗಾಲದಲ್ಲಿ ಮಾತ್ರ. ಆಗ ಹೋದರೆ ದುಡ್ಡು ದಂಡವೇ?
– ತೋಟದವರು, ಮೂಡಿಗೆರೆ ತಾಲ್ಲೂಕು

ಉತ್ತರ: ಖಂಡಿತ ದಂಡ ಅಲ್ಲ. ಜುಲೈ ಮೊದಲ ಎರಡು ವಾರದಲ್ಲಿ ಹೋಗಿ ಬನ್ನಿ. ಮಳೆ ನಕ್ಷತ್ರದ ಲೆಕ್ಕದಲ್ಲಿ ಹೇಳುವುದಾದರೆ, ಆರಿದ್ರಾ ಮುಗಿಯುವ ಹೊತ್ತಿಗೆ ಹೊರಟು ಪುಷ್ಯ ಹುಟ್ಟುವ ಮೊದಲು ಮನೆಗೆ.

ನಾನು ಹಾಸನದವಳು. ಬ್ಯಾಂಕಾಕ್‌ಗೆ ಎರಡು ಸಲ ಹೋಗಿದ್ದೇನೆ. ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಜುಲೈನಲ್ಲಿ. ಏಪ್ರಿಲ್‌ನಲ್ಲಿ ಜೊತೆಗೆ ನಮ್ಮ ಅತ್ತೆ ಇದ್ದರು. ಅವರಿಗಾಗ 70. ಅರಮನೆ ಆವರಣದಲ್ಲಿ ಪಚ್ಚೆ ಬುದ್ಧನ ಗುಡಿ ಇದೆ. ಒಳಗೆ ಹೋಗಲು ಚಪ್ಪಲಿ ಬಿಡಬೇಕು. ನಾವು ಬಿಟ್ಟಾಗ ಆ ಜಾಗದಲ್ಲಿ ನೆರಳಿತ್ತು. ಹೊರಗೆ ಬರುವಷ್ಟರಲ್ಲಿ ಬಿಸಿಲು ಬಂದಿತ್ತು, ಕಲ್ಲು ಕಾದ ಕಾವಲಿಯಾಗಿತ್ತು. ಅತ್ತೆ ಎರಡು ಹೆಜ್ಜೆ ಇಟ್ಟು 'ಅಯ್ಯೋ' ಎಂದು ನಿಂತುಬಿಟ್ಟರು. ನನ್ನ ವೇಲನ್ನು ನಾಲ್ಕು ಮಡಿಕೆ ಮಾಡಿ ಕೆಳಗೆ ಹಾಸಿ, ಅವರನ್ನು ಅದರ ಮೇಲೆ ನಿಲ್ಲಿಸಿ, ಓಡಿ ಹೋಗಿ ಚಪ್ಪಲಿ ತಂದೆ. ಚಪ್ಪಲಿಯೂ ಸುಡುತ್ತಿತ್ತು. ಅವತ್ತು ಮತ್ತೆ ಅವರು ರೂಮಿನಿಂದ ಹೊರಗೆ ಬರಲಿಲ್ಲ. ನಿಮ್ಮ ಅಮ್ಮನ ವಯಸ್ಸು ಓದಿದ ಕೂಡಲೇ ನನಗೆ ನೆನಪಾಗಿದ್ದು ಆ ಕಲ್ಲು.

ಏಪ್ರಿಲ್ ಅಲ್ಲಿ ಅತಿ ಹೆಚ್ಚು ಸೆಕೆಯ ತಿಂಗಳು. ಹಗಲು 35, 36 ಡಿಗ್ರಿ ಸಾಮಾನ್ಯ, ರಾತ್ರಿಯೂ 27ರ ಕೆಳಗೆ ಇಳಿಯುವುದು ಕಷ್ಟ. ಸಮುದ್ರ ಹತ್ತಿರ ಇರುವುದರಿಂದ ಬೆವರು ಆರುವುದೇ ಇಲ್ಲ. ಸಾಂಗ್‌ಕ್ರಾನ್ ಏಪ್ರಿಲ್ 13ರಿಂದ 15. ಅವರ ಹೊಸ ವರ್ಷ ಅದು, ನಮ್ಮ ಸೌರಮಾನ ಯುಗಾದಿಯ ಹೊತ್ತಿಗೇ ಬರುತ್ತದೆ. ಬೀದಿ ಬೀದಿಯಲ್ಲಿ ನೀರು ಎರಚಾಡುತ್ತಾರೆ. ಮಗಳ ವಯಸ್ಸಿನವರಿಗೆ ಸಂಭ್ರಮ, ನಿಜ. ಆದರೆ ಮಂಡಿ ಹಿಡಿದುಕೊಂಡು ನಡೆಯುವವರನ್ನು ಆ ಒದ್ದೆ ರಸ್ತೆಗೆ ಕರೆದೊಯ್ಯಬೇಡಿ. ಅಷ್ಟಲ್ಲದೆ, ಹೂಮಳೆ ಆದ ಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆಗೆ ಆಕಾಶ ನೋಡುವ ತಿಂಗಳಲ್ಲಿ ನಿಮಗೆ ಅಲ್ಲಿ ಮನಸ್ಸು ನಿಲ್ಲುತ್ತದಾ?

ಡಿಸೆಂಬರ್, ಜನವರಿ ಅಂದವರು ಸುಳ್ಳು ಹೇಳಿಲ್ಲ. ಆಗ ಮಳೆ ಇಲ್ಲವೇ ಇಲ್ಲ ಅನ್ನಬಹುದು, ಬೆಳಗಿನ ಜಾವ 22 ಡಿಗ್ರಿ ಇರುತ್ತದೆ. ಆದರೆ ಪ್ರಪಂಚದವರೆಲ್ಲ ಅದೇ ತಿಂಗಳು ಬರುವುದರಿಂದ ರೂಮು ದುಬಾರಿ, ಎಲ್ಲಿ ನೋಡಿದರೂ ಕ್ಯೂ. ಇನ್ನೊಂದು ವಿಷಯ ಜಾಸ್ತಿ ಜನ ಹೇಳುವುದಿಲ್ಲ. ಚಳಿಗಾಲದಲ್ಲಿ ಗಾಳಿ ಆಡದೆ ವಾಹನದ ಹೊಗೆ, ಗದ್ದೆಯ ಕೂಳೆ ಮತ್ತು ಕಬ್ಬಿನ ಸೋಗೆ ಸುಟ್ಟ ಹೊಗೆ ಎಲ್ಲ ಸೇರಿ ಊರ ಮೇಲೆ ಕೂರುತ್ತದೆ. ಉಬ್ಬಸ ಇರುವವರಿಗೆ ಜನವರಿ ಕಷ್ಟ. ನಿಮಗಂತೂ ಆಗ ಆಳು, ಹಣ್ಣು, ಕಣ. ಕಣದಲ್ಲಿ ಕಾಫಿ ಹರಡಿಟ್ಟು ಯಾರೂ ದೇಶ ಬಿಟ್ಟು ಹೋಗಬಾರದು.

ಈಗ ಮಳೆಯ ವಿಷಯ. ತೋಟದವರಿಗೆ ಇಂಚಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಬ್ಯಾಂಕಾಕ್‌ಗೆ ವರ್ಷಕ್ಕೆ ಬೀಳುವುದು 60, 65 ಇಂಚು. ಜುಲೈ ಇಡೀ ತಿಂಗಳಿಗೆ ಸುಮಾರು 7 ಇಂಚು. ನಿಮ್ಮ ಕಡೆ ಜೋರು ಹಿಡಿದರೆ ಒಂದೇ ವಾರದಲ್ಲಿ ಅಷ್ಟು ಬಿದ್ದುಬಿಡುತ್ತದೆ, ಅಲ್ವಾ? ಬೀಳುವ ರೀತಿಯೂ ಬೇರೆ. ನಮ್ಮ ಹಾಗೆ ಮೂರು ದಿನ ಬಿಡದೆ ಜಿಟಿಜಿಟಿ ಹಿಡಿಯುವುದು ಕಡಿಮೆ. ಹೆಚ್ಚಾಗಿ ಮಧ್ಯಾಹ್ನದ ಮೇಲೆ ಮೋಡ ಕಟ್ಟಿ, ಗುಡುಗಿ, ಒಂದು ಒಂದೂವರೆ ಗಂಟೆ ಹುಯ್ದು ಹೋಗುತ್ತದೆ. ಹಾಗಾಗಿ ಯಾವ ತಿಂಗಳು ಅನ್ನುವಷ್ಟೇ ಯಾವ ಗಂಟೆ ಅನ್ನುವುದನ್ನೂ ಯೋಚಿಸಬೇಕು. ಬೆಳಿಗ್ಗೆ ಎಂಟೂವರೆಗೆ ಅರಮನೆ ಬಾಗಿಲು ತೆಗೆಯುವಾಗಲೇ ಅಲ್ಲಿರಿ. ಹನ್ನೊಂದಕ್ಕೆ ಮುಗಿಸಿ. ಊಟ, ನಿದ್ದೆ. ಮೂರರ ನಂತರ ಸೂರು ಇರುವ ಜಾಗ ನೋಡಿಕೊಳ್ಳಿ.

ಮೂರರ ನಂತರ ನಾನು ಹೇಳುವುದು ವಾಟ್ ಫೋ ಎಂಬ ಬೌದ್ಧ ಗುಡಿ. ಮಲಗಿರುವ ಬುದ್ಧ ಅಲ್ಲಿದ್ದಾನೆ, 46 ಮೀಟರ್ ಉದ್ದ, 15 ಮೀಟರ್ ಎತ್ತರ. ಜುಲೈನಲ್ಲಿ ನಾನು ಒಳಗಿದ್ದಾಗಲೇ ಮಳೆ ಹುಯ್ಯಿತು. ವಿಗ್ರಹದ ಹಿಂದೆ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆ ಇಟ್ಟಿದ್ದಾರೆ. ಚಿಲ್ಲರೆ ಕಾಸು ತೆಗೆದುಕೊಂಡು ಒಂದೊಂದರಲ್ಲೂ ಒಂದೊಂದು ಹಾಕುತ್ತಾ ಹೋಗಬೇಕು. ಟಣ್, ಟಣ್, ಟಣ್. ಹೊರಗೆ ಹೆಂಚಿನ ಮೇಲೆ ಮಳೆ, ಒಳಗೆ ಈ ಕಾಸಿನ ಸದ್ದು. ನನ್ನ ಮುಂದೆ ಒಬ್ಬ ಮುದುಕಿ ಹೋಗುತ್ತಿದ್ದರು. ಕಾಸನ್ನು ಎಸೆಯುತ್ತಿರಲಿಲ್ಲ. ಕೈಯನ್ನು ಪಾತ್ರೆಯೊಳಗೆ ತಂದು ಮೆಲ್ಲಗೆ ಬಿಡುತ್ತಿದ್ದರು, ನಮ್ಮಲ್ಲಿ ದೇವರ ಹುಂಡಿಗೆ ಹಾಕುವ ಹಾಗೆ. ಕೊನೆಯ ಪಾತ್ರೆ ಮುಗಿಯುವ ಹೊತ್ತಿಗೆ ಮಳೆಯೂ ನಿಂತಿತ್ತು. ಅಂಗಳ ತಂಪಾಗಿತ್ತು, ಬರಿಗಾಲಲ್ಲಿ ನಡೆಯಬಹುದಿತ್ತು. ಅತ್ತೆಯನ್ನು ಈ ಸಲ ಕರೆತರಬೇಕಿತ್ತು ಅಂತ ಬಹಳ ಅನ್ನಿಸಿತು.

ಪಚ್ಚೆ ಬುದ್ಧನ ಬಗ್ಗೆಯೂ ಒಂದು ಮಾತು. ಮೂರ್ತಿ ಚಿಕ್ಕದು, 66 ಸೆಂಟಿಮೀಟರ್ ಅಷ್ಟೇ. ಬೇಸಿಗೆ, ಮಳೆಗಾಲ, ಚಳಿಗಾಲಕ್ಕೆ ಬೇರೆ ಬೇರೆ ಚಿನ್ನದ ಉಡುಪು ಇದೆ. ಉಡುಪು ಬದಲಿಸುವುದು ಅಲ್ಲಿನ ರಾಜನ ಕೆಲಸ. ಆಷಾಢ ಹುಣ್ಣಿಮೆಯ ಮರುದಿನ ಮಳೆಗಾಲದ್ದು ತೊಡಿಸುತ್ತಾರೆ. ಅವತ್ತಿನಿಂದಲೇ ಭಿಕ್ಷುಗಳು ಮೂರು ತಿಂಗಳು ಒಂದೇ ವಿಹಾರದಲ್ಲಿ ಉಳಿಯುವ ವ್ರತ ಹಿಡಿಯುತ್ತಾರೆ. ನಮ್ಮ ಸ್ವಾಮಿಗಳ ಚಾತುರ್ಮಾಸ್ಯ ಇದ್ದ ಹಾಗೆ. ಇದು ಸಾಮಾನ್ಯವಾಗಿ ಜುಲೈನಲ್ಲೇ ಬರುತ್ತದೆ. ಪಂಚಾಂಗ ನೋಡಿ ಹುಣ್ಣಿಮೆಗೆ ಹೊಂದಿಸಿಕೊಂಡರೆ ಅಮ್ಮನಿಗೆ ಸಂತೋಷ ಆಗುತ್ತದೆ. ಗುಡಿಗಳಲ್ಲಿ ಅವತ್ತು ಸಂಜೆ ಹೂವು, ಊದುಬತ್ತಿ, ಮೇಣದ ಬತ್ತಿ ಹಿಡಿದು ಪ್ರದಕ್ಷಿಣೆ ಹಾಕುತ್ತಾರೆ.

ಹಣ್ಣಿಗೂ ಅದೇ ಕಾಲ. ಮ್ಯಾಂಗೋಸ್ಟೀನ್, ರಂಬುಟಾನ್, ಡೂರಿಯನ್ ರಾಶಿ ಹಾಕಿರುತ್ತಾರೆ. ಡೂರಿಯನ್ ವಾಸನೆ ಜಾಸ್ತಿ, ಎಷ್ಟೋ ಹೋಟೆಲ್‌ಗಳಲ್ಲಿ ಒಳಗೆ ಬಿಡುವುದಿಲ್ಲ. ಊಟಕ್ಕೆ 'ಜೇ' ಎಂಬ ಮಾತು ನೆನಪಿಡಿ. ಅದು ಅವರ ಕಟ್ಟು ಸಸ್ಯಾಹಾರ, ಬೆಳ್ಳುಳ್ಳಿಯೂ ಹಾಕುವುದಿಲ್ಲ. ಅಮ್ಮನಿಗೆ ರೊಟ್ಟಿ, ಬೇಳೆ ಬೇಕೇ ಬೇಕು ಅಂದರೆ ಪಾಹುರತ್ ಬೀದಿಗೆ ಹೋಗಿ, ನಮ್ಮ ದೇಶದವರ ಅಂಗಡಿಗಳು ಅಲ್ಲಿವೆ.

ಸೆಪ್ಟೆಂಬರ್, ಅಕ್ಟೋಬರ್‌ಗೆ ಮಾತ್ರ ಮುಂದೂಡಬೇಡಿ. ಸೆಪ್ಟೆಂಬರ್ ಮಳೆ ಜುಲೈಗಿಂತ ಹೆಚ್ಚು ಕಡಿಮೆ ಎರಡು ಪಟ್ಟು. ಅಕ್ಟೋಬರ್‌ನಲ್ಲಿ ಮೇಲಿನ ಜಿಲ್ಲೆಗಳ ನೀರು ಚಾವ್ ಫ್ರಾಯಾ ನದಿಯಲ್ಲಿ ಇಳಿದು ಬರುತ್ತದೆ, ಕೆಳಗಿನಿಂದ ಸಮುದ್ರದ ಉಬ್ಬರ ತಡೆಯುತ್ತದೆ. ಊರು ಇರುವುದೇ ತಗ್ಗಿನಲ್ಲಿ. 2011ರ ದೊಡ್ಡ ನೆರೆಯಲ್ಲಿ ಡಾನ್ ಮುವಾಂಗ್ ವಿಮಾನ ನಿಲ್ದಾಣವೇ ಮುಳುಗಿತ್ತು. ಬರೀ ರೊಬಸ್ಟಾ ಇದ್ದಿದ್ದರೆ ನಿಮಗೆ ಇನ್ನೊಂದು ದಾರಿ ಇತ್ತು: ದೀಪಾವಳಿ ಕಳೆದು ಹಾಸನಾಂಬೆ ಗುಡಿಯ ಬಾಗಿಲು ಹಾಕಿದ ಮೇಲೆ ಕಾರ್ತಿಕ ಹುಣ್ಣಿಮೆವರೆಗಿನ ಸುಮಾರು ಎರಡು ವಾರ. ಅಷ್ಟರಲ್ಲಿ ಮಳೆ ಹಿಂದೆ ಸರಿದಿರುತ್ತದೆ. ಆ ಹುಣ್ಣಿಮೆ ಸುಮಾರಿಗೆ ಬಾಳೆದಿಂಡಿನ ದೊನ್ನೆಯಲ್ಲಿ ದೀಪ ಹಚ್ಚಿ ನದಿಗೆ ಬಿಡುವ ಲೋಯ್ ಕ್ರಥಾಂಗ್ ಹಬ್ಬ ಇದೆ. ಆದರೆ ಅರೇಬಿಕಾ ಹಣ್ಣಾಗಲು ಶುರುವಾದರೆ ನಿಮಗೆ ಆಗುವುದಿಲ್ಲ.

ಜುಲೈನಲ್ಲಿ ಸಮುದ್ರ ನೋಡಬೇಕು ಅನ್ನಿಸಿದರೆ ಫುಕೆಟ್ ಬೇಡ, ಆ ಕಡೆ ಅಲೆ ಜೋರು. ಪೂರ್ವದ ಕಡೆಯ ಕೊ ಸಮುಯಿ ಆಗಬಹುದು.

ನನಗೆ ಚಿಂತೆ ಇರುವುದು ಅಲ್ಲಿನ ಮಳೆಯದಲ್ಲ, ಇಲ್ಲಿನದು. ಬೋರ್ಡೋ ಸಿಂಪಡಣೆ ಮುಂಗಾರಿಗೆ ಮೊದಲೇ ಮುಗಿಸಿರಿ, ಕೊಳೆರೋಗ ನೀವು ಬರುವವರೆಗೆ ಕಾಯುವುದಿಲ್ಲ. ಘಾಟಿ ದಾಟುವ ಕಷ್ಟ ನಿಮಗಿಲ್ಲ, ಆದರೂ ಬೇಲೂರು ದಾಟುವವರೆಗೆ ಮರ ಬಿದ್ದು ರಸ್ತೆ ನಿಲ್ಲಬಹುದು. ಹಿಂದಿನ ದಿನವೇ ಹೊರಟು ಬೆಂಗಳೂರಿನಲ್ಲಿ ಉಳಿಯಿರಿ. ಅಲ್ಲಿಂದ ನೇರ ವಿಮಾನಕ್ಕೆ ನಾಲ್ಕು ಗಂಟೆ. ವೀಸಾ ನಿಯಮ ಆಗಾಗ ಬದಲಾಗುತ್ತದೆ, ಟಿಕೆಟ್‌ಗೆ ಮೊದಲು ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಿ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಬೇಸಿಗೆ ರಜೆ, ದಸರಾ ರಜೆ ಬಿಟ್ಟರೆ ನನಗೆ ಸಮಯವಿಲ್ಲ. ಎರಡರಲ್ಲಿ ಬ್ಯಾಂಕಾಕ್‌ಗೆ ಯಾವುದು ಒಳ್ಳೆಯದು?
– ಓದುಗರು, ಹಾಸನ

ಉತ್ತರ: ಎರಡೂ ಅಲ್ಲ, ಮೇಡಂ. ಒಂದರಲ್ಲಿ ಸೆಕೆ, ಇನ್ನೊಂದರಲ್ಲಿ ನೆರೆ. ಮೇ ತಿಂಗಳಲ್ಲಿ ಬಾಲಿಗೆ ಹೋಗಿ. ಅದು ಭೂಮಧ್ಯರೇಖೆಯ ಆಚೆ ಇರುವುದರಿಂದ ಅಲ್ಲಿ ಮಳೆ ಮುಗಿದು ಒಣಹವೆ ಶುರುವಾಗಿರುತ್ತದೆ, ಗದ್ದೆ ಇನ್ನೂ ಹಸಿರಾಗಿರುತ್ತದೆ. ಬ್ಯಾಂಕಾಕೇ ಬೇಕು ಅಂದರೆ ದಸರಾ ಆರಿಸಿ. ಸಿಲೋಮ್ ರಸ್ತೆಯಲ್ಲಿ ಮಾರಿಯಮ್ಮನ ಗುಡಿ ಇದೆ, ನವರಾತ್ರಿ ಕೊನೆಗೆ ಮೆರವಣಿಗೆ ಹೊರಡುತ್ತದೆ. ಥಾಯ್ ಜನ ರಸ್ತೆ ಬದಿಯಲ್ಲಿ ಚೆಂಡುಹೂ ಇಟ್ಟುಕೊಂಡು ಕಾದಿರುತ್ತಾರೆ. ಬೂಟು ಬೇಡ, ಹಿಂದೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿಕೊಳ್ಳಿ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇಲ್ಲದಿದ್ದರೆ ಅರಮನೆಯೊಳಗೆ ಬಿಡುವುದಿಲ್ಲ. ಒಂದು ತೆಳು ಸ್ವೆಟರ್ ಬ್ಯಾಗಿನಲ್ಲಿರಲಿ. ಮಳೆಯಲ್ಲಿ ನೆನೆದು ಮೆಟ್ರೋ ರೈಲು ಹತ್ತಿದರೆ ಎಸಿಗೆ ನಡುಗಿಬಿಡುತ್ತೀರಿ.