ಮಲಬದ್ಧತೆಗೆ ಅಕ್ಯುಪಂಕ್ಚರ್ ಮಾಡಿಸಬಹುದಾ? ಮೊದಲು ಒಂದು ನೋಟ್‌ಬುಕ್ ಇಡಿ

ಆರು ವರ್ಷದಿಂದ ಮಲಬದ್ಧತೆ, ಮಾತ್ರೆ ನುಂಗಿ ಸಾಕಾಗಿದೆ, ಅಕ್ಯುಪಂಕ್ಚರ್‌ನಿಂದ ನಿಜವಾಗಿ ಉಪಯೋಗ ಆಗುತ್ತಾ ಅಂತ ಕೇಳಿದ್ದೀರಿ. ನಾನು ಮಾಡಿಸಿಕೊಂಡಿದ್ದೇನೆ. ಕೆಲವರಿಗೆ ಆಗುತ್ತದೆ. ಆದರೆ ನಿಮ್ಮದು ಯಾವ ಬಗೆಯ ಮಲಬದ್ಧತೆ ಅಂತ ತಿಳಿಯದೆ ಹೋಗಬೇಡಿ. ನಾನು ಮಾಡಿದ ತಪ್ಪು ಅದೇ.

ಚೀನಾದ 15 ಆಸ್ಪತ್ರೆಗಳಲ್ಲಿ 1,075 ರೋಗಿಗಳ ಮೇಲೆ ನಡೆದ ಒಂದು ಅಧ್ಯಯನ 2016ರಲ್ಲಿ ‘ಅನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂತು. ಅದು ಬರೀ ಸೂಜಿಯಲ್ಲ, ಸೂಜಿಗೆ ಸಣ್ಣಗೆ ಕರೆಂಟ್ ಕೊಡುವ ಎಲೆಕ್ಟ್ರೋ ಅಕ್ಯುಪಂಕ್ಚರ್. 8 ವಾರದಲ್ಲಿ 28 ಸಲ. ಅರ್ಧ ಜನರಿಗೆ ನಿಜವಾದ ಚಿಕಿತ್ಸೆ ಕೊಟ್ಟರು. ಉಳಿದವರಿಗೆ ಬೇರೆ ಜಾಗದಲ್ಲಿ ಮೇಲ್ಮೇಲೆ ಚುಚ್ಚಿ, ಕರೆಂಟ್ ಕೊಡದೆ ಬಿಟ್ಟರು. ವಾರಕ್ಕೆ 3 ಸಲವಾದರೂ ತಾನಾಗಿಯೇ ಹೊಟ್ಟೆ ಪೂರ್ತಿ ಖಾಲಿಯಾದವರು ಮೊದಲ ಗುಂಪಿನಲ್ಲಿ 100ಕ್ಕೆ 31, ಎರಡನೆಯದರಲ್ಲಿ 12. ನಿಲ್ಲಿಸಿದ ಮೇಲೂ 12 ವಾರ ಆ ವ್ಯತ್ಯಾಸ ಉಳಿದಿತ್ತು. ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ಆದರೆ ಉಳಿದ 69 ಜನ ಆ ಮಟ್ಟ ಮುಟ್ಟಲಿಲ್ಲ ಅಲ್ವಾ? ಜೊತೆಗೆ, ಯಾರಿಗೆ ನಿಜವಾದದ್ದು ಕೊಡುತ್ತಿದ್ದೇವೆ ಅಂತ ಚುಚ್ಚುವವರಿಗೆ ಗೊತ್ತಿತ್ತು; ಅದರಿಂದಲೂ ಫಲಿತಾಂಶ ಸ್ವಲ್ಪ ವಾಲಿರಬಹುದು. ನಾಲ್ಕೈದು ಸಿಟ್ಟಿಂಗ್‌ನಲ್ಲೇ ಗುಣವಾಗುತ್ತದೆ ಅಂತ ಯಾರಾದರೂ ಹೇಳಿದರೆ ಈ 28ರ ಲೆಕ್ಕ ನೆನಪಿರಲಿ.

ನನಗೆ ಹೊಟ್ಟೆಗೆ ನಾಲ್ಕು, ಕಾಲಿಗೆ ಎರಡು ಸೂಜಿ ಹಾಕುತ್ತಿದ್ದರು. ಕರೆಂಟ್ ಹರಿದಾಗ ಹೊಕ್ಕುಳ ಪಕ್ಕದ ಚರ್ಮ ಟಕ್ ಟಕ್ ಅಂತ ಅದುರುತ್ತಿತ್ತು. ನೋವಿರಲಿಲ್ಲ. ಎದ್ದು ಬರುವಾಗ ಮೈ ಹಗುರ. ಆಗ ಕೇಳಿದ್ದರೆ ಅರ್ಧ ವಾಸಿಯಾಗಿದೆ ಅಂತಲೇ ಹೇಳುತ್ತಿದ್ದೆ. ಆದರೆ ಶುರುವಾಗುವ ಎರಡು ವಾರ ಮೊದಲಿಂದ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದೆ: ಎಷ್ಟು ಸಲ, ಗಟ್ಟಿಯೋ ಮೆತ್ತಗೋ, ತಿಣುಕಬೇಕಾಯಿತಾ, ಪೂರ್ತಿ ಆಯಿತು ಅನಿಸಿತಾ, ಮಾತ್ರೆ ತಗೊಂಡೆನಾ. ಎಂಟನೇ ವಾರ ತೆಗೆದು ನೋಡಿದರೆ, ವಾರಕ್ಕೆ 2 ಇದ್ದದ್ದು 3 ಆಗಿತ್ತು. ‘ತಿಣುಕಿದೆ’ ಅನ್ನುವ ಕಾಲಂನಲ್ಲಿ ಮಾತ್ರ ಒಂದು ಸಾಲೂ ಬಿಡದೆ ಟಿಕ್.

ಆ ಪುಟಗಳನ್ನು ಹೊಟ್ಟೆಯ ತಜ್ಞರಿಗೆ ತೋರಿಸಿದೆ. ಗುದನಾಳದೊಳಗೆ ನೀರು ತುಂಬಿದ ಪುಟ್ಟ ಬಲೂನ್ ಇಟ್ಟು, ಹೊರಗೆ ಹಾಕಿ ಅಂದರು. ನನ್ನಿಂದ ಆಗಲಿಲ್ಲ. ಸಡಿಲವಾಗಬೇಕಾದ ಹೊತ್ತಿಗೆ ಅಲ್ಲಿನ ಸ್ನಾಯು ಬಿಗಿಯಾಗುತ್ತಿತ್ತು. ಅದಕ್ಕೆ ಬಯೋಫೀಡ್‌ಬ್ಯಾಕ್ ಅಂತ ತರಬೇತಿ ಇದೆ. ಪರದೆಯಲ್ಲಿ ಸ್ನಾಯುವಿನ ಬಿಗಿತ ನೋಡುತ್ತಾ ಅದನ್ನು ಸಡಿಲ ಬಿಡುವುದು ಕಲಿಸುತ್ತಾರೆ. ನನಗೆ ನೆಮ್ಮದಿ ಸಿಕ್ಕಿದ್ದು ಅದರಿಂದ.

ನೀವೂ ಮೊದಲು ವೈದ್ಯರ ಹತ್ತಿರ ಥೈರಾಯ್ಡ್, ಸಕ್ಕರೆ ಕಾಯಿಲೆ ನೋಡಿಸಿ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳೂ ಹೊಟ್ಟೆ ಕಟ್ಟಿಸುತ್ತವೆ. ರಕ್ತ ಬಿದ್ದರೆ, ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ ಸೂಜಿಯ ಯೋಚನೆ ಬಿಟ್ಟು ಬೇಗ ತೋರಿಸಿ, ದಯವಿಟ್ಟು. ನೀರಿನಲ್ಲಿ ಕರಗಿಸಿ ಕುಡಿಯುವ, ಮಲ ಮೆತ್ತಗಾಗಿಸುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿಗೆ ಒಳ್ಳೆಯ ಪುರಾವೆ ಇದೆ. ಅದನ್ನು ಸರಿಯಾದ ಪ್ರಮಾಣದಲ್ಲಿ ತಗೊಂಡು ನೋಡಿದ್ದೀರಾ ಅಂತಲೂ ಯೋಚಿಸಿ.

ಇಷ್ಟಾದ ಮೇಲೂ ಅಕ್ಯುಪಂಕ್ಚರ್ ಬೇಕು ಅನಿಸಿದರೆ ಧಾರಾಳವಾಗಿ ಮಾಡಿಸಿ. ಪ್ರತಿ ಸಲ ಹೊಸ ಸೂಜಿಯ ಪ್ಯಾಕೆಟ್ ನಿಮ್ಮ ಮುಂದೆಯೇ ಒಡೆಯಲಿ. ಪೇಸ್‌ಮೇಕರ್ ಇದ್ದರೆ ಕರೆಂಟ್ ಬೇಡ. ಗರ್ಭಿಣಿಯಾಗಿದ್ದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ.

ಒಂದು ವಿಷಯ ನೀವು ಬರೆದಿಲ್ಲ. ನಿಮಗೆ ಹೋಗಬೇಕು ಅಂತಲೇ ಅನಿಸುವುದಿಲ್ಲವೋ, ಅಥವಾ ಅನಿಸಿದರೂ ಬರುವುದಿಲ್ಲವೋ? ವೈದ್ಯರಿಗೆ ಇದನ್ನೇ ಮೊದಲು ಹೇಳಿ.