ಓದುಗರ ಪ್ರಶ್ನೆ, ನಮ್ಮ ಉತ್ತರ: ತರಬೇತಿ ಸಂಸ್ಥೆಯ ‘ಮಾನ್ಯತೆ’ ಎಂದರೆ ಯಾವುದು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ತಿಂಗಳು ಈ ಅಂಕಣಕ್ಕೆ ಬರುವ ಪತ್ರಗಳ ಬಣ್ಣವೇ ಬೇರೆ. ಕಾಫಿ ಮಾರಿ ಬಂದ ಹಣದಲ್ಲಿ ಮಗನಿಗೋ ಮಗಳಿಗೋ ಒಂದು ಕಸುಬು ಕಲಿಸಬೇಕೆಂದು ಹೊರಟ ಪಾಲಕರು, ಖಾಸಗಿ ತರಬೇತಿ ಸಂಸ್ಥೆಗಳ ಫಲಕಗಳಲ್ಲಿರುವ ‘ನೋಂದಾಯಿತ’, ‘ಮಾನ್ಯತೆ ಪಡೆದ’, ‘ಅನುಮೋದಿತ’ ಎಂಬ ಮಾತುಗಳಿಗೆ ಅರ್ಥ ಕೇಳುತ್ತಾರೆ. ಕೊಡಗಿನ ಬೇರೆ ಬೇರೆ ಊರುಗಳಿಂದ ಬಂದ ಐದು ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಪತ್ರಗಳಲ್ಲಿದ್ದ ಸಂಸ್ಥೆಗಳ ಹೆಸರುಗಳನ್ನು ಉದ್ದೇಶಪೂರ್ವಕವಾಗಿ ಕೈಬಿಟ್ಟಿದ್ದೇವೆ.

ಪ್ರಶ್ನೆ: ಅಣ್ಣನ ಮಗನನ್ನು ಖಾಸಗಿ ಐಟಿಐ ಒಂದರಲ್ಲಿ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿಸಬೇಕೆಂದಿದ್ದೇವೆ. ಫಲಕದಲ್ಲಿ ‘ಸರ್ಕಾರದಿಂದ ನೋಂದಾಯಿತ, ಐಎಸ್‌ಒ 9001’ ಎಂದಿದೆ. ಮೊದಲ ವರ್ಷಕ್ಕೆ ಈಗಾಗಲೇ ನಲವತ್ತೈದು ಮಂದಿ ಸೇರಿದ್ದಾರಂತೆ. ಸೇರಿಸಬಹುದೇ? (ಸುಂಟಿಕೊಪ್ಪ)

ಉತ್ತರ: ನಿಮ್ಮ ಪತ್ರದಲ್ಲಿ ನಮ್ಮ ಗಮನ ಸೆಳೆದದ್ದು ಫಲಕವಲ್ಲ, ಆ ನಲವತ್ತೈದು ಎಂಬ ಸಂಖ್ಯೆ. ಅದಕ್ಕೆ ಆಮೇಲೆ ಬರೋಣ.

‘ನೋಂದಣಿ’ ಎಂಬುದು ಇಡೀ ವ್ಯವಹಾರದಲ್ಲಿ ಅತ್ಯಂತ ಹಗುರವಾದ ಪದ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಟ್ರಸ್ಟ್ ಪತ್ರ ಮಾಡಿಸಿದವರೂ, 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ಸಂಘ ಕಟ್ಟಿದವರೂ, ಸಣ್ಣ ಉದ್ದಿಮೆಗಳಿಗೆಂದಿರುವ ಉದ್ಯಮ್ ತಾಣದಲ್ಲಿ ಹೆಸರು ದಾಖಲಿಸಿದವರೂ ‘ಸರ್ಕಾರದಿಂದ ನೋಂದಾಯಿತ’ ಎಂದು ಬರೆದುಕೊಂಡರೆ ಅದು ಅಕ್ಷರಶಃ ಸುಳ್ಳಾಗುವುದಿಲ್ಲ. ಆದರೆ ಆ ನೋಂದಣಿಗಳಲ್ಲಿ ಯಾವುದೂ ಅಲ್ಲಿ ನಡೆಯುವ ಪಾಠವನ್ನಾಗಲಿ, ಕಾರ್ಯಾಗಾರವನ್ನಾಗಲಿ, ಬೋಧಕರ ಅರ್ಹತೆಯನ್ನಾಗಲಿ ನೋಡಿ ಕೊಟ್ಟದ್ದಲ್ಲ. ಐಎಸ್‌ಒ 9001 ಕೂಡ ಹಾಗೆಯೇ. ಅದು ಸಂಸ್ಥೆಯ ಆಡಳಿತ ಕ್ರಮಕ್ಕೆ ಖಾಸಗಿ ಪ್ರಮಾಣೀಕರಣ ಸಂಸ್ಥೆಗಳು ಹಣ ಪಡೆದು ಕೊಡುವ ಪತ್ರ. ಜಿನೀವಾದಲ್ಲಿರುವ ಐಎಸ್‌ಒ ಮಾನದಂಡವನ್ನು ರೂಪಿಸುತ್ತದೆಯೇ ಹೊರತು ತಾನಾಗಿ ಯಾರಿಗೂ ಪ್ರಮಾಣಪತ್ರ ಕೊಡುವುದಿಲ್ಲ.

ಐಟಿಐ ವಿಷಯದಲ್ಲಿ ನೀವು ಕೇಳಬೇಕಾದ ಪದ ‘ಸಂಯೋಜನೆ’, ಅಂದರೆ ಎಲ್ಲರ ಬಾಯಲ್ಲಿರುವ ಅಫಿಲಿಯೇಷನ್. ಕೇಂದ್ರದ ಕುಶಲಕರ್ಮಿ ತರಬೇತಿ ಯೋಜನೆ 1950ರಿಂದ ನಡೆದುಬಂದಿದೆ. ಅದರ ಮೇಲ್ವಿಚಾರಣೆಗೆಂದು 1956ರಲ್ಲಿ ರಾಷ್ಟ್ರೀಯ ವೃತ್ತಿ ತರಬೇತಿ ಪರಿಷತ್ತು, ಅಂದರೆ ಎನ್‌ಸಿವಿಟಿ, ಸ್ಥಾಪನೆಯಾಯಿತು. 2018ರ ಡಿಸೆಂಬರಿನಲ್ಲಿ ಹೊರಟ ಅಧಿಸೂಚನೆಯ ಪ್ರಕಾರ ನಿಯಂತ್ರಣದ ಕೆಲಸ ಎನ್‌ಸಿವಿಇಟಿ ಎಂಬ ಹೊಸ ಪರಿಷತ್ತಿಗೆ ಸೇರಿತು. ಅದು 2020ರಲ್ಲಿ ಕೆಲಸ ಆರಂಭಿಸಿತು. ಹೆಸರು ಬದಲಾದರೂ ಜನ ಇಂದಿಗೂ ‘ಎನ್‌ಸಿವಿಟಿ ಇದೆಯಾ?’ ಎಂದೇ ಕೇಳುತ್ತಾರೆ, ಕೇಳಿದರೆ ತಪ್ಪೇನಿಲ್ಲ. ಐಟಿಐಗಳ ಸಂಯೋಜನೆ, ಪರೀಕ್ಷೆ ಮತ್ತು ಪ್ರಮಾಣಪತ್ರದ ಹೊಣೆ ದೆಹಲಿಯ ತರಬೇತಿ ಮಹಾನಿರ್ದೇಶನಾಲಯದ್ದು. ರಾಜ್ಯದಲ್ಲಿ ಪ್ರವೇಶ, ತಪಾಸಣೆ ಮತ್ತು ದಿನನಿತ್ಯದ ಉಸ್ತುವಾರಿಯನ್ನು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ ನೋಡಿಕೊಳ್ಳುತ್ತದೆ.

ಪಾಲಕರು ಎಡವುವುದು ಇಲ್ಲಿಂದ ಮುಂದೆ. ಸಂಯೋಜನೆ ಇಡೀ ಸಂಸ್ಥೆಗೆ ಒಟ್ಟಾಗಿ ಸಿಗುವುದಿಲ್ಲ. ಒಂದೊಂದು ವೃತ್ತಿಗೆ, ಆ ವೃತ್ತಿಯಲ್ಲಿ ಇಷ್ಟು ಘಟಕ, ಇಂಥ ಪಾಳಿ ಎಂದು ಲೆಕ್ಕ ಹಾಕಿ ಸಿಗುತ್ತದೆ. ಫಿಟ್ಟರ್‌ಗೆ ಸಂಯೋಜನೆ ಇರುವ ಸಂಸ್ಥೆಗೆ ಎಲೆಕ್ಟ್ರಿಷಿಯನ್‌ಗೆ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್ ಎರಡು ವರ್ಷದ ತರಬೇತಿ. ಅದರ ಒಂದು ಘಟಕದಲ್ಲಿ 20 ಮಂದಿ. ಎರಡು ಘಟಕಗಳಿದ್ದರೂ 40 ಆಯಿತು. ನಲವತ್ತೈದು ಮಂದಿಯನ್ನು ಸೇರಿಸಿಕೊಂಡವರು ಮೂರನೆಯ ಘಟಕದ ಸಂಯೋಜನಾ ಆದೇಶವನ್ನು ತೋರಿಸಬೇಕು. ತೋರಿಸಲಾಗದಿದ್ದರೆ ಹೆಚ್ಚುವರಿ ಮಕ್ಕಳ ಹೆಸರು ಕೇಂದ್ರದ ದಾಖಲೆಗೆ ಏರುವುದಿಲ್ಲ, ಹೆಸರು ಏರದವರಿಗೆ ಅಖಿಲ ಭಾರತ ವೃತ್ತಿ ಪರೀಕ್ಷೆಯ ಪ್ರವೇಶಪತ್ರ ಬರುವುದಿಲ್ಲ, ಪರೀಕ್ಷೆ ಬರೆಯದವರಿಗೆ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರವೂ ಇಲ್ಲ. ‘ತಾಂತ್ರಿಕ ತೊಂದರೆ, ಮುಂದಿನ ವರ್ಷ ಬರೆಯಿಸುತ್ತೇವೆ’ ಎಂಬ ಮಾತು ಹುಡುಗನ ಕಿವಿಗೆ ಬೀಳುವ ಹೊತ್ತಿಗೆ ಎರಡು ವರ್ಷದ ಶುಲ್ಕ ಕಟ್ಟಿ ಆಗಿರುತ್ತದೆ.

ಆದ್ದರಿಂದ ಸಂಸ್ಥೆಯ ಸಂಕೇತ ಸಂಖ್ಯೆಯನ್ನು ಕೇಳಿ. ನಮ್ಮ ರಾಜ್ಯದ ಸರ್ಕಾರಿ ಐಟಿಐಗಳ ಸಂಖ್ಯೆ ‘ಜಿಆರ್ 29’ ಎಂದೂ ಖಾಸಗಿಯವುಗಳ ಸಂಖ್ಯೆ ‘ಪಿಆರ್ 29’ ಎಂದೂ ಶುರುವಾಗುತ್ತದೆ. 29 ಎಂಬುದು ಕರ್ನಾಟಕದ ಗುರುತು. ಆ ಸಂಖ್ಯೆಯನ್ನು ಹಿಡಿದು ಸ್ಕಿಲ್ ಇಂಡಿಯಾ ಡಿಜಿಟಲ್ ತಾಣದಲ್ಲಿ ಹುಡುಕಬಹುದು, ಇಲ್ಲವೇ ಮಡಿಕೇರಿಯ ಸರ್ಕಾರಿ ಐಟಿಐಗೆ ಹೋಗಿ ಪ್ರಾಚಾರ್ಯರನ್ನೇ ವಿಚಾರಿಸಬಹುದು. ಎರಡನೆಯ ದಾರಿಯಲ್ಲಿ ಒಂದು ಲಾಭವಿದೆ: ಅಲ್ಲಿಯೇ ಸೀಟು ಖಾಲಿ ಇದೆಯೇ ಎಂಬುದೂ ತಿಳಿಯುತ್ತದೆ. ಸರ್ಕಾರಿ ಐಟಿಐಯ ಶುಲ್ಕದೊಂದಿಗೆ ಖಾಸಗಿಯವರ ಶುಲ್ಕವನ್ನು ಹೋಲಿಸಿ ನೋಡದೆ ಹಣ ಕಟ್ಟುವವರನ್ನು ಕಂಡರೆ ನಮಗೆ ಸಂಕಟವಾಗುತ್ತದೆ.

ಕೆಲವರು ‘ಎಸ್‌ಸಿವಿಟಿ ಇದೆ’ ಎನ್ನುತ್ತಾರೆ. ಅದು ರಾಜ್ಯ ಪರಿಷತ್ತಿನ ಮನ್ನಣೆ. ಮೋಸವಲ್ಲ, ಆದರೆ ರಾಷ್ಟ್ರೀಯ ಪ್ರಮಾಣಪತ್ರಕ್ಕೆ ಸಮ ಎಂದು ಮೊದಲೇ ಭಾವಿಸಬೇಡಿ. ರೈಲ್ವೆಯಂಥ ಕೇಂದ್ರದ ಉದ್ಯೋಗದ ಆಸೆಯಿದ್ದರೆ ಹಿಂದಿನ ನೇಮಕಾತಿ ಅಧಿಸೂಚನೆಯಲ್ಲಿ ಯಾವ ಪ್ರಮಾಣಪತ್ರ ಕೇಳಿದ್ದಾರೆಂದು ಓದಿ ನಿರ್ಧರಿಸಿ.

ಪ್ರಶ್ನೆ: ನಮ್ಮದು ಹೋಂಸ್ಟೇ. ಮಗಳು ‘ಒಂದು ವರ್ಷದ ಡಿಪ್ಲೊಮಾ ಇನ್ ಹೋಟೆಲ್ ಮ್ಯಾನೇಜ್‌ಮೆಂಟ್’ ಸೇರುವೆನೆನ್ನುತ್ತಾಳೆ. ಡಿಪ್ಲೊಮಾ ಎಂದ ಮೇಲೆ ಸರ್ಕಾರದ್ದೇ ಅಲ್ಲವೇ? ಶುಲ್ಕದ ಮೇಲೆ ಜಿಎಸ್‌ಟಿಯನ್ನೂ ಹಾಕಿದ್ದಾರೆ. (ಗೋಣಿಕೊಪ್ಪಲು)

ಉತ್ತರ: ಅಲ್ಲ. ನಮ್ಮ ಕಾನೂನಿನಲ್ಲಿ ‘ಪದವಿ’ ಎಂಬ ಮಾತಿಗೆ ಬೇಲಿ ಇದೆ, ‘ಡಿಪ್ಲೊಮಾ’ ಎಂಬ ಮಾತಿಗೆ ಅಂಥ ಬೇಲಿ ಇಲ್ಲ. 1956ರ ಯುಜಿಸಿ ಅಧಿನಿಯಮದ 22ನೇ ಕಲಮಿನ ಪ್ರಕಾರ ವಿಶ್ವವಿದ್ಯಾಲಯ, ಅಥವಾ ಪದವಿ ನೀಡಲು ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ ಮಾತ್ರ ಪದವಿ ನೀಡಬಹುದು. 23ನೇ ಕಲಮು ‘ವಿಶ್ವವಿದ್ಯಾಲಯ’ ಎಂಬ ಹೆಸರನ್ನೇ ಇತರರು ಇಟ್ಟುಕೊಳ್ಳದಂತೆ ತಡೆಯುತ್ತದೆ. ಡಿಪ್ಲೊಮಾ ಹಾಗಲ್ಲ. ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ ತಾಂತ್ರಿಕ ಶಿಕ್ಷಣ ಇಲಾಖೆಯ ಪರೀಕ್ಷೆ ಬರೆದು ಪಡೆಯುವುದೂ ಡಿಪ್ಲೊಮಾ, ಪೇಟೆಯ ಮಹಡಿಯ ಮೇಲೆ ಆರು ತಿಂಗಳು ಕಲಿಸಿ ಸಂಸ್ಥೆಯೇ ಅಚ್ಚು ಹಾಕಿಸಿ ಕೊಡುವುದೂ ಡಿಪ್ಲೊಮಾ. ಹಾಗಾಗಿ ‘ಯಾವ ಕೋರ್ಸ್?’ ಎಂಬುದಕ್ಕಿಂತ ಮೊದಲು ‘ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು?’ ಎಂದು ಕೇಳಿ. ತಾಂತ್ರಿಕ ಡಿಪ್ಲೊಮಾ ಎಂದಾದರೆ 1987ರ ಅಧಿನಿಯಮದಡಿಯ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ‘ಅನುಮೋದನೆ’ ಇರಬೇಕು. ಕೌಶಲ ತರಬೇತಿ ಎಂದಾದರೆ ಆ ಅರ್ಹತೆ ರಾಷ್ಟ್ರೀಯ ಅರ್ಹತಾ ನೋಂದಣಿ ಎಂಬ ಅಧಿಕೃತ ಪಟ್ಟಿಯಲ್ಲಿ ಇರಬೇಕು ಮತ್ತು ಅದನ್ನು ನೀಡುವ ಸಂಸ್ಥೆಗೆ ಎನ್‌ಸಿವಿಇಟಿ ಮನ್ನಣೆ ಇರಬೇಕು. 2013ರ ಡಿಸೆಂಬರಿನಲ್ಲಿ ಪ್ರಕಟವಾದ ಕೌಶಲ ಅರ್ಹತಾ ಚೌಕಟ್ಟಿನಲ್ಲಿ ಅದರ ಹಂತ ಯಾವುದೆಂದೂ ನಮೂದಾಗಿರುತ್ತದೆ. ಇವೆರಡೂ ಅಲ್ಲವಾದರೆ ಅದು ಸಂಸ್ಥೆಯ ಸ್ವಂತ ಪತ್ರ.

ಸ್ವಂತ ಪತ್ರ ಎಂದ ಮಾತ್ರಕ್ಕೆ ನಿಷ್ಪ್ರಯೋಜಕವಲ್ಲ. ನಿಮ್ಮ ಮನೆಯಲ್ಲೇ ಅತಿಥಿಗಳಿಗೆ ಕೋಣೆ ಸಿದ್ಧಪಡಿಸಲು, ಪಂದಿಕರಿ, ಕಡುಬುಟ್ಟಿನ ಜೊತೆಗೆ ನಾಲ್ಕು ಬಗೆಯ ಹೊರಗಿನ ಅಡುಗೆ ಮಾಡಲು ಮಗಳಿಗೆ ಯಾವ ಮಾನ್ಯತೆಯೂ ಬೇಕಿಲ್ಲ. ಕಲಿಸುವವರು ಚೆನ್ನಾಗಿ ಕಲಿಸಿದರೆ ಸಾಕು. ನಾಳೆ ದೊಡ್ಡ ರೆಸಾರ್ಟಿನಲ್ಲೋ ಸರ್ಕಾರಿ ಅತಿಥಿಗೃಹದಲ್ಲೋ ಕೆಲಸಕ್ಕೆ ಅರ್ಜಿ ಹಾಕುವ ಆಲೋಚನೆ ಇದ್ದರೆ ಆಗ ಲೆಕ್ಕ ಬೇರೆ. ಐಟಿಐಗಳಲ್ಲಿಯೂ ಆಹಾರ ತಯಾರಿಕೆ, ಫ್ರಂಟ್ ಆಫೀಸ್ ಸಹಾಯಕ ಎಂಬ ಒಂದೊಂದು ವರ್ಷದ ವೃತ್ತಿಗಳಿವೆ ಎಂಬುದು ಹಲವರಿಗೆ ತಿಳಿದಿಲ್ಲ.

ಜಿಎಸ್‌ಟಿಯ ಬಗ್ಗೆ ನೀವು ಕೇಳಿದ್ದು ಜಾಣತನದ ಪ್ರಶ್ನೆ. ತೆರಿಗೆಯ ಅಧಿಸೂಚನೆಯಲ್ಲಿ ‘ಅನುಮೋದಿತ ವೃತ್ತಿ ಶಿಕ್ಷಣ ಕೋರ್ಸ್’ ಎಂಬುದಕ್ಕೆ ಪ್ರತ್ಯೇಕ ವ್ಯಾಖ್ಯೆ ಇದೆ: ಎನ್‌ಸಿವಿಟಿ ಅಥವಾ ಎಸ್‌ಸಿವಿಟಿ ಸಂಯೋಜಿತ ಐಟಿಐಗಳಲ್ಲಿ ಶಿಶಿಕ್ಷು (ಅಪ್ರೆಂಟಿಸ್) ಅಧಿನಿಯಮದಡಿ ಗೊತ್ತುಪಡಿಸಿದ ವೃತ್ತಿಗಳ ತರಬೇತಿ ಅದರಲ್ಲಿ ಸೇರುತ್ತದೆ ಮತ್ತು ಅದರ ಶುಲ್ಕಕ್ಕೆ ತೆರಿಗೆ ವಿನಾಯಿತಿ ಇದೆ. ಮನ್ನಣೆ ಇಲ್ಲದ ಖಾಸಗಿ ತರಬೇತಿಗೆ ಶೇ. 18 ತೆರಿಗೆ. ಅಂದರೆ ಸಂಸ್ಥೆ ಒಂದು ಕೈಯಲ್ಲಿ ‘ಐಟಿಐಗೆ ಸಮಾನ’ ಎಂಬ ಕರಪತ್ರ ಹಿಡಿದು, ಇನ್ನೊಂದು ಕೈಯಲ್ಲಿ ಶೇ. 18ರ ರಸೀದಿ ಕೊಟ್ಟರೆ, ಆ ಎರಡರಲ್ಲಿ ರಸೀದಿಯನ್ನೇ ನಂಬುವುದು ಒಳ್ಳೆಯದು. ಆದರೆ ತೆರಿಗೆ ಹಾಕದಿರುವುದು ಮಾನ್ಯತೆಗೆ ಸಾಕ್ಷಿಯಲ್ಲ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದವರು ನೋಂದಣಿಯನ್ನೇ ಮಾಡಿಸಬೇಕಿಲ್ಲ.

ಪ್ರಶ್ನೆ: ಒಂದು ವರ್ಷದ ‘ನರ್ಸಿಂಗ್’ ತರಬೇತಿ ಪಡೆದ ತಂಗಿಗೆ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಕೊಡಲಿಲ್ಲ. ಏಕೆ? (ನಾಪೋಕ್ಲು)

ಉತ್ತರ: ನರ್ಸ್ ಎಂದು ಕೆಲಸ ಮಾಡಲು ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು, ಇಲ್ಲಿ ‘ನೋಂದಣಿ’ ಎಂಬ ಪದಕ್ಕೆ ನಿಜವಾದ ತೂಕವಿದೆ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿದವರಿಗೆ ಮಾತ್ರ ಆ ದಾರಿ ತೆರೆಯುತ್ತದೆ. ನಿಮ್ಮ ತಂಗಿ ಪಡೆದದ್ದು ಹೆಚ್ಚೆಂದರೆ ಆರೈಕೆ ಸಹಾಯಕಿಯ ತರಬೇತಿ. ಕೌಶಲ ಚೌಕಟ್ಟಿನಲ್ಲಿ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಗೌರವದ ಅರ್ಹತೆಯೊಂದು ಇದೆ, ಆದರೆ ಅದು ನರ್ಸ್ ಅಲ್ಲ. ಆ ಹೆಸರಿನಲ್ಲೇ ಆಸ್ಪತ್ರೆಗಳಲ್ಲಿ ಕೆಲಸ ಹುಡುಕಲು ಹೇಳಿ.

ಪ್ರಶ್ನೆ: ಮಾನ್ಯತೆ ಇದೆಯೆಂದು ನಂಬಿಸಿ ಮಗನನ್ನು ಸೇರಿಸಿಕೊಂಡರು. ಇಲ್ಲವೆಂದು ತಿಳಿದು ಬಿಡಿಸಿದರೆ ಶುಲ್ಕವನ್ನೂ ಮರಳಿಸುತ್ತಿಲ್ಲ, ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿಯನ್ನೂ ಕೊಡುತ್ತಿಲ್ಲ. (ವಿರಾಜಪೇಟೆ)

ಉತ್ತರ: ಮೊದಲು ಅಂಕಪಟ್ಟಿ. ಬಾಕಿಗಾಗಿ ಇನ್ನೊಬ್ಬರ ವಸ್ತುವನ್ನು ಸಾಮಾನ್ಯವಾಗಿ ಹಿಡಿದಿಟ್ಟುಕೊಳ್ಳುವ ಹಕ್ಕು ಯಾರಿಗಿದೆ ಎಂದು 1872ರ ಕರಾರು ಅಧಿನಿಯಮದ 171ನೇ ಕಲಮು ಹೆಸರಿಸಿ ಹೇಳುತ್ತದೆ: ಬ್ಯಾಂಕಿನವರು, ಫ್ಯಾಕ್ಟರ್ ಎಂಬ ಮಾರಾಟ ಮಧ್ಯವರ್ತಿಗಳು, ಬಂದರಿನ ಸರಕು ಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು, ವಿಮಾ ದಲ್ಲಾಳಿಗಳು. ಬೇರೆಯವರಿಗೆ ಆ ಹಕ್ಕು ಬೇಕಾದರೆ ಸ್ಪಷ್ಟ ಕರಾರು ಇರಬೇಕು. ತರಬೇತಿ ಸಂಸ್ಥೆ ಆ ಪಟ್ಟಿಯಲ್ಲಿಲ್ಲ. ನೀವು ಸಹಿ ಹಾಕಿದ ಪ್ರವೇಶ ಅರ್ಜಿಯಲ್ಲಿ ಅಂಥ ಮಾತು ಇದೆಯೇ ನೋಡಿ, ಇಲ್ಲದಿದ್ದರೆ ಏಳು ದಿನದ ಗಡುವು ಕೊಟ್ಟು ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ. ಹೆಚ್ಚಿನ ಸಂಸ್ಥೆಗಳು ಅಷ್ಟಕ್ಕೇ ಮಣಿಯುತ್ತವೆ ಎಂಬುದು ನಮ್ಮ ಅನುಭವ.

ಶುಲ್ಕದ ದಾರಿ ಇಷ್ಟು ನೇರವಿಲ್ಲ, ಮತ್ತು ಅದನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 2(47) ಕಲಮು, ಇಲ್ಲದ ಅನುಮೋದನೆ ಅಥವಾ ಸಂಯೋಜನೆ ಇದೆಯೆಂದು ಹೇಳಿಕೊಳ್ಳುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಕರೆಯುತ್ತದೆ. ವಿಶ್ವವಿದ್ಯಾಲಯದ ಸಂಯೋಜನೆಯೂ ದಂತ ವೈದ್ಯ ಪರಿಷತ್ತಿನ ಮಾನ್ಯತೆಯೂ ಇಲ್ಲದೆ ಇದೆಯೆಂದು ಜಾಹೀರಾತು ಕೊಟ್ಟ ಬಿಹಾರದ ದಂತ ವೈದ್ಯಕೀಯ ಕಾಲೇಜೊಂದರ ವಿರುದ್ಧ ವಿದ್ಯಾರ್ಥಿಗಳಿಗೆ ಪರಿಹಾರ ಸಿಗಬೇಕೆಂಬುದನ್ನು ಸುಪ್ರೀಂ ಕೋರ್ಟ್ 2009ರಲ್ಲಿ ಎತ್ತಿಹಿಡಿದಿತ್ತು. ಆದರೆ 2020ರ ಜನವರಿಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ವೃತ್ತಿ ಶಿಕ್ಷಣವೂ ಸೇರಿದಂತೆ ಶಿಕ್ಷಣ ನೀಡುವ ಸಂಸ್ಥೆಗಳು ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ, ಕೋಚಿಂಗ್ ಕೇಂದ್ರಗಳು ಮಾತ್ರ ಬರುತ್ತವೆ ಎಂದು ಹೇಳಿತು. ಆ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದೆ. ಎದುರು ಪಕ್ಷದ ವಕೀಲರು ಇದನ್ನೇ ಹಿಡಿದು ವಾದಿಸುತ್ತಾರೆ. ಆದ್ದರಿಂದ ದೂರಿನಲ್ಲಿ ಪಾಠದ ಗುಣಮಟ್ಟದ ಮಾತನ್ನು ಎತ್ತದೆ, ಸುಳ್ಳು ಸಂಯೋಜನೆಯನ್ನು ತೋರಿಸಿ ಹಣ ಪಡೆದರು ಎಂಬ ಒಂದೇ ಅಂಶಕ್ಕೆ ಅಂಟಿಕೊಳ್ಳಿ. ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕಟ್ಟಿದ ಮೊತ್ತ 5 ಲಕ್ಷದವರೆಗಿದ್ದರೆ ದೂರು ಶುಲ್ಕವಿಲ್ಲ. ಎರಡು ವರ್ಷದ ಕಾಲಮಿತಿ ಮಾತ್ರ ನೆನಪಿರಲಿ. ಅದೇ ಸಂಗತಿಗೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನಡಿ ವಂಚನೆಯೆಂದು ಪೊಲೀಸರಿಗೂ ದೂರು ಕೊಡಬಹುದು. ಕರಪತ್ರ, ವಾಟ್ಸ್‌ಆ್ಯಪ್ ಸಂದೇಶ, ರಸೀದಿ, ಫಲಕದ ಛಾಯಾಚಿತ್ರ ಇವನ್ನೆಲ್ಲ ಇಂದೇ ಎತ್ತಿಡಿ. ದೂರು ಹೋದ ಮರುದಿನ ಫಲಕಕ್ಕೆ ಹೊಸ ಬಣ್ಣ ಬಳಿದದ್ದನ್ನು ನಾವು ಕಂಡಿದ್ದೇವೆ.

ಪ್ರಶ್ನೆ: ಕೋರ್ಸ್ ಮುಗಿದ ಮೇಲೆ ‘ಅಪ್ರೆಂಟಿಸ್’ ಸ್ಥಾನ ಕೊಡಿಸಲು ಸಂಸ್ಥೆಯವರು ಇಪ್ಪತ್ತು ಸಾವಿರ ಕೇಳುತ್ತಿದ್ದಾರೆ. (ಸಿದ್ದಾಪುರ)

ಉತ್ತರ: ಕೊಡಬೇಡಿ. 1961ರ ಶಿಶಿಕ್ಷು ಅಧಿನಿಯಮದಡಿ ಶಿಶಿಕ್ಷುವಿಗೆ ಉದ್ಯೋಗದಾತರೇ ತಿಂಗಳ ಭತ್ಯೆ ಕೊಡಬೇಕು, ಅದರ ಕನಿಷ್ಠ ಮೊತ್ತವನ್ನು ನಿಯಮಗಳೇ ಗೊತ್ತುಪಡಿಸಿವೆ, ಉದ್ಯೋಗದಾತ ಮತ್ತು ಶಿಶಿಕ್ಷುವಿನ ನಡುವಿನ ಕರಾರು ಸರ್ಕಾರದ ತಾಣದಲ್ಲಿ ದಾಖಲಾಗುತ್ತದೆ. ಅಲ್ಲಿ ಹೆಸರು ನೋಂದಾಯಿಸಲು ಹಣ ಬೇಕಿಲ್ಲ. ಮಗನೇ ಮೊಬೈಲಿನಲ್ಲಿ ನೋಂದಾಯಿಸಿ, ಕುಶಾಲನಗರ ಅಥವಾ ಮೈಸೂರಿನ ಕಾರ್ಖಾನೆಗಳಲ್ಲಿ ಅವನ ವೃತ್ತಿಗೆ ಸ್ಥಾನವಿದೆಯೇ ಎಂದು ನೋಡಲಿ.