ಮಗ್ಗದ ಮುಂದೆ ಜಾಣ, ಕ್ಲಾಸಿನಲ್ಲಿ ದಡ್ಡನಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಎಂಟನೇ ಕ್ಲಾಸು. ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಾನೆ, "ಯವ್ವಾ, ನಾ ಸಾಲಿಗೆ ಹೋಗಂಗಿಲ್ಲ" ಅಂತ ಅಳುತ್ತಾನೆ. ಲೆಕ್ಕ ಬರಲಿಲ್ಲ ಅಂತ ಮಾಸ್ತರು ಹೊರಗೆ ನಿಲ್ಲಿಸುತ್ತಾರಂತೆ. ಮನೆಯಲ್ಲಿ ನೋಡಿದರೆ, ಅವರಪ್ಪ ಮಗ್ಗಕ್ಕೆ ಮೂರು ಸೀರೆಯ ಹಾಸು (ಉದ್ದದ ನೂಲು) ಹಾಕುವಾಗ ನೂಲು ಎಷ್ಟು ಬೇಕು, ಖರ್ಚು ಕಳೆದು ಕೂಲಿ ಎಷ್ಟು ಉಳಿಯುತ್ತದೆ ಅಂತ ಇವನು ಬಾಯಲ್ಲೇ ಹೇಳುತ್ತಾನೆ. ಎರಡನೇ ಕ್ಲಾಸಿನ ಮಗಳಿಗೆ ಮಾತ್ರ ಶಾಲೆ ಅಂದರೆ ಖುಷಿ. ಇವನನ್ನು ಬಿಡಿಸಿ ಮನೆಯಿಂದಲೇ ಹತ್ತನೇ ಪರೀಕ್ಷೆ ಕಟ್ಟಿಸಬಹುದಾ?
– ಒಬ್ಬ ತಾಯಿ, ಇಳಕಲ್

ಉತ್ತರ: ಅಕ್ಕಾ, ನಿಮ್ಮ ಮಗನಿಗೆ ಲೆಕ್ಕ ಬರುತ್ತದೆ. ಬೋರ್ಡಿನ ಮೇಲಿನ ಲೆಕ್ಕ ಬರುವುದಿಲ್ಲ, ಅಷ್ಟೇ. ನಾನೂ ಗಣಿತದಲ್ಲಿ 36 ತೆಗೆದವನು, ಆ ಹೊಟ್ಟೆನೋವು ನನಗೂ ಗೊತ್ತು.

ಮಗಳ ಖುಷಿಗೆ ಕಾರಣ ಇದೆ. ಸರ್ಕಾರಿ ಶಾಲೆಯಾದರೆ ಅವಳು ನಲಿ ಕಲಿಯಲ್ಲಿ ಇರುತ್ತಾಳೆ. 1995ರಲ್ಲಿ ಹೆಗ್ಗಡದೇವನಕೋಟೆ ಕಡೆ ಶುರುವಾದ ಪದ್ಧತಿ ಅದು. ಮಗು ತನ್ನ ಪಾಠದ ಕಾರ್ಡು ತಾನೇ ತೆಗೆದುಕೊಂಡು, ಬಂದಷ್ಟು ಕಲಿತು, ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಮೂರನೇ ಕ್ಲಾಸಿಗೆ ಅದು ಮುಗಿಯಿತು. ಆಮೇಲೆ ನಲವತ್ತು ಮಕ್ಕಳಿಗೂ ಒಂದೇ ಪುಟ, ಒಂದೇ ದಿನ, ಒಬ್ಬನಿಗೆ ತಿಳಿಯದಿದ್ದರೂ ಪಾಠ ಮುಂದಕ್ಕೆ ಹೋಗುತ್ತದೆ. ಹಿಂದೆ ಬಿದ್ದವನಿಗೆ ದಡ್ಡ ಅನ್ನುವ ಹೆಸರು. ಇದು ಹುಡುಗನ ತಪ್ಪು ಅಂತ ನನಗೆ ಅನಿಸುವುದಿಲ್ಲ.

ಮನೆಯಿಂದ ಹತ್ತನೇ ಪರೀಕ್ಷೆ ಬರೆಯಬಹುದು. ಕೇಂದ್ರ ಸರ್ಕಾರದ ಮುಕ್ತ ಶಾಲೆ, ಎನ್‌ಐಒಎಸ್ ಅಂತ ಇದೆ, 1989ರಿಂದ ನಡೆಯುತ್ತಿದೆ. 14 ತುಂಬಿರಬೇಕು. ಐದು ವಿಷಯ ಪಾಸಾದರೆ ಸಾಕು. ಒಮ್ಮೆ ಹೆಸರು ಹಚ್ಚಿದರೆ ಐದು ವರ್ಷ ಟೈಮು, ಒಟ್ಟು ಒಂಬತ್ತು ಅವಕಾಶ, ಪಾಸಾದ ವಿಷಯ ಮತ್ತೆ ಬರೆಯಬೇಕಾಗಿಲ್ಲ. ಗಣಿತ ಕಡ್ಡಾಯ ಅಲ್ಲ. ಆದರೆ ಅದನ್ನು ಬಿಟ್ಟರೆ ನಾಳೆ ಡಿಪ್ಲೊಮಾಗೆ ತೊಂದರೆ, ಯೋಚನೆ ಮಾಡಿ. "ಗ್ಯಾರಂಟಿ ಪಾಸು" ಅನ್ನುವ ಏಜೆಂಟರ ಹತ್ತಿರ ಮಾತ್ರ ಹೋಗಬೇಡಿ, ಅರ್ಜಿ ಎನ್‌ಐಒಎಸ್ ವೆಬ್‌ಸೈಟಿನಲ್ಲೇ ಹಾಕಬಹುದು.

ಆದರೂ ಈಗಲೇ ಬಿಡಿಸಬೇಡಿ. ನೇರವಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ನೇಕಾರರ ಮನೆಯಲ್ಲಿ ಶಾಲೆ ಬಿಟ್ಟ ಹುಡುಗ ಅಂದರೆ ಮಗ್ಗಕ್ಕೆ ಒಂದು ಕೈ ಜಾಸ್ತಿ ಸಿಕ್ಕಿತು ಅಂತ ಆಗಿಬಿಡುತ್ತದೆ. ಪುಸ್ತಕ ಮೂಲೆ ಸೇರುತ್ತದೆ. ದಿನಾ ಎರಡು ತಾಸು ಪಕ್ಕದಲ್ಲಿ ಕೂತು ಓದಿಸುವವರು ನಿಮ್ಮಲ್ಲಿ ಯಾರಿದ್ದಾರೆ? ಅದಕ್ಕೆ ಉತ್ತರ ಸಿಕ್ಕ ಮೇಲೆ ಮುಕ್ತ ಶಾಲೆಯ ಮಾತು.

ಇನ್ನು ಹೊರಗೆ ನಿಲ್ಲಿಸುವುದು. ಮಕ್ಕಳನ್ನು ಹೊಡೆಯುವುದು, ಮನಸ್ಸಿಗೆ ಹಿಂಸೆ ಕೊಡುವುದು ಎರಡೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ನಿಷೇಧ. ಹೆಡ್‌ಮಾಸ್ತರಿಗೆ ಬರೆದು ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಜಗಳ ಬೇಡ ಅನಿಸಿದರೆ ಮೊದಲು ಆ ಮಾಸ್ತರನ್ನೇ ಒಂದು ಭಾನುವಾರ ಚಹಾಕ್ಕೆ ಕರೆಯಿರಿ. ಹಾಸು ಹಾಕುವ ದಿನ ನೋಡಿಯೇ ಕರೆಯಿರಿ, ನೂಲಿನ ಲೆಕ್ಕ ಮಗನೇ ಹೇಳಲಿ.